ಟ್ರೈನಿಂಗ್ ಎಂದು ಹೇಳಿ ಹೋದ ಊರುಗಳು

ಕಳೆದ ತಿಂಗಳು ಪೆನ್ಷನ್ ಕಾಗದದ ಕೆಲಸಕ್ಕೆಂದು ತುಮಕೂರಿಗೆ ಹೋಗಿದ್ದೆ. ಶಿರಾ ಗೇಟ್ ಹತ್ತಿರ ಆಟೋ ನಿಂತುಬಿಟ್ಟಿತು. ಮುಂದೆ ಒಂದು ಪ್ರವಾಸದ ಬಸ್ಸು ಅಡ್ಡ ನಿಂತಿತ್ತು. ಟಾಪಿನ ಮೇಲೆ ಪಾತ್ರೆ, ಅಕ್ಕಿ ಮೂಟೆ ಏರಿಸುತ್ತಿದ್ದರು. ಕೆಳಗೆ ಹತ್ತಿಪ್ಪತ್ತು ಹೆಂಗಸರು ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಚೀಲಗಳನ್ನು ಕಾಲ ಬಳಿ ಇಟ್ಟುಕೊಂಡು, ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಒಬ್ಬಾಕೆ ನಿಂಬೆಹಣ್ಣನ್ನು ಉಗುರಿನಿಂದ ಗೀರಿ ಮೂಗಿಗೆ ಹಿಡಿದುಕೊಂಡಿದ್ದಳು. ಡೀಸೆಲ್ ಹೊಗೆಯ ಜೊತೆ ಆ ನಿಂಬೆ ಸಿಪ್ಪೆಯ ವಾಸನೆ ಆಟೋದೊಳಕ್ಕೆ ಬಂತು. ಆಟೋದವನು ಬೈಯುತ್ತಿದ್ದ. ನನಗೆ ಮಾತ್ರ ಆ ಬಸ್ಸು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರಲಿ ಅನ್ನಿಸಿತು.

ನಲವತ್ತೈದು ವರ್ಷದ ಹಿಂದಿನ ಮಾತು. ಎಪ್ಪತ್ತೊಂಬತ್ತರ ಜೂನ್‌ನಿಂದ ಎಂಬತ್ತರ ಮೇ ತನಕ, ಶಾಲೆಯ ಲೆಕ್ಕದಲ್ಲಿ ಒಂದು ವರ್ಷ. ನನ್ನ ಜೀವನದಲ್ಲಿ ನಾನು ತುಂಬ ಸಂತೋಷವಾಗಿದ್ದದ್ದು ಆ ವರ್ಷ. ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿಕೊಳ್ಳಲಾಗದಂತೆ ನಡೆದುಕೊಂಡದ್ದೂ ಅದೇ ವರ್ಷ. ಈಗ ಅಕ್ಕ ಹೋಗಿ ಹನ್ನೊಂದು ವರ್ಷವಾಯಿತು. ಹೇಳಿಕೊಳ್ಳಬೇಕಾದವಳ ಹತ್ತಿರ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಆಗ ನಾವು ಉಪ್ಪಾರಹಳ್ಳಿಯ ಒಂದು ವಠಾರದಲ್ಲಿದ್ದೆವು. ಎರಡು ಕೋಣೆಯ ಮನೆ, ಮನೆಯಲ್ಲಿ ಇಬ್ಬರೇ ಜನ, ಅಕ್ಕ ಮತ್ತು ನಾನು. ಅವಳ ಹೆಸರು ಜಯಮ್ಮ, ವಠಾರಕ್ಕೆಲ್ಲ ಜಯಕ್ಕ. ನನಗಿಂತ ಎಂಟು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ಜ್ವರ ಬಂದು ಅವಳ ಎಡಗಾಲು ಸೊರಗಿಹೋಗಿತ್ತು. ನಡೆಯುವಾಗ ಎಡಗೈಯಿಂದ ಮಂಡಿಯನ್ನು ಒತ್ತಿ ಹಿಡಿದು ಒಂದೊಂದೇ ಹೆಜ್ಜೆ ಇಡಬೇಕು. ಅಮ್ಮ ಹೋದಾಗ ನನಗೆ ಹನ್ನೊಂದು, ಅವಳಿಗೆ ಹತ್ತೊಂಬತ್ತು. ಅಪ್ಪನೂ ಬಹಳ ದಿನ ಇರಲಿಲ್ಲ. ಅವಳು ಬಲಗೈಯಿಂದ ತಿರುಗಿಸುವ ಹೊಲಿಗೆ ಮಿಷನ್ನು ಇಟ್ಟುಕೊಂಡು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದು ನನ್ನನ್ನು ಬಿ.ಎಡ್. ವರೆಗೆ ಓದಿಸಿದಳು. ಅವಳು ಓದಿದ್ದು ಏಳನೇ ಕ್ಲಾಸು.

ನನಗೆ ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಸಂಜೆ ಬರುತ್ತಿದ್ದೆ. ಹೇಳಿಕೊಡುತ್ತಿದ್ದುದು ಭೂಗೋಳ. ಶಾಲೆಯಲ್ಲಿದ್ದ ಇಂಡಿಯಾ ಮ್ಯಾಪು ಇಲಿ ಕಡಿದು ಅಸ್ಸಾಮೇ ಇರಲಿಲ್ಲ. ಅದನ್ನು ಕೇಳಿ ಅಕ್ಕ ಒಂದು ಬಿಳಿ ಬಟ್ಟೆಯ ಮೇಲೆ ಪೆನ್ಸಿಲಿನಿಂದ ಮ್ಯಾಪು ಬರೆದು, ನದಿಗಳಿಗೆ ನೀಲಿ ದಾರ, ಬೆಟ್ಟಗಳಿಗೆ ಕಂದು ದಾರ ಹಾಕಿ ಕಸೂತಿ ಮಾಡಿಕೊಟ್ಟಳು. ಎರಡು ತಿಂಗಳು ಹಿಡಿಯಿತು. ಹೊಲಿಯುತ್ತ ಹೊಲಿಯುತ್ತ ಗೋದಾವರಿ ಎಲ್ಲಿ ಹುಟ್ಟುತ್ತದೆ, ನರ್ಮದೆ ಯಾವ ಕಡೆಗೆ ಹರಿಯುತ್ತದೆ ಎಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಸಮುದ್ರಕ್ಕೆ ಬಂದಾಗ ದಾರ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

"ಸುಮೀ, ಸಮುದ್ರ ನಿಜ್ವಾಗ್ಲೂ ನೀಲಿನೇ ಇರ್ತದೇನೇ?"

"ನಾನೆಲ್ಲಿ ನೋಡಿದೀನಿ ಅಕ್ಕ?"

"ಮಕ್ಕಳಿಗೆ ಏನಂತ ಹೇಳ್ತೀಯ ಮತ್ತೆ?"

"ಪುಸ್ತಕದಲ್ಲಿ ಇರೋದನ್ನ ಹೇಳ್ತೀನಿ."

ಅವಳು ನಕ್ಕು ನೀಲಿಯನ್ನೇ ಹಾಕಿದಳು. ಅವಳು ನೋಡಿದ ದೂರದ ಊರೆಂದರೆ ಕುಣಿಗಲ್, ಅದರಾಚೆಗಿನ ಯಡಿಯೂರು, ಅಷ್ಟೇ.

ನಮ್ಮ ಶಾಲೆಗೆ ಆ ವರ್ಷ ಹೊಸದಾಗಿ ಬಂದ ಆಟದ ಟೀಚರ್ ನಾಗರತ್ನ. ಕುಣಿಗಲ್‌ನವಳು. ಗಟ್ಟಿ ದನಿ, ಉದ್ದ ಹೆಜ್ಜೆ. ಯಾರಿಗೂ ಹೆದರುವವಳಲ್ಲ. ಅವಳಿಗೆ ತಿರುಗುವ ಹುಚ್ಚು. ದಸರಾ ರಜಕ್ಕೆ ಮೊದಲು ಸ್ಟಾಫ್ ರೂಮಿನಲ್ಲಿ ಬಂದು ಪಕ್ಕದಲ್ಲಿ ಕೂತಳು.

"ಶ್ರವಣಬೆಳಗೊಳ, ಹಳೇಬೀಡು, ಬೇಲೂರು. ಮೂರು ದಿನ. ನಾನು, ನಮ್ಮತ್ತಿಗೆ ಹೋಗ್ತಿದೀವಿ. ಬರ್ತೀಯಾ?"

"ಅಕ್ಕನ್ನೂ ಕರ್ಕೊಂಡು ಬರ್ಲಾ?"

ನಾಗರತ್ನ ಕೊರಳಲ್ಲಿದ್ದ ವಿಷಲ್ಲನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಆಮೇಲೆ ಮೆತ್ತಗೆ ಹೇಳಿದಳು. "ಬೆಟ್ಟ ಹತ್ತಬೇಕು ಕಣೇ. ನಿಮ್ಮಕ್ಕ ಕೆಳಗೆ ಕೂತ್ಕೋಬೇಕಾಗ್ತದೆ. ನೀನೂ ಕೆಳಗೇ ಕೂತ್ಕೋತೀಯ. ಯೋಚ್ನೆ ಮಾಡು."

ನಾನು ಯೋಚನೆ ಮಾಡಿದೆ. ನಾಗರತ್ನ ಹೇಳಿದ್ದು ತಪ್ಪು ಅನ್ನಿಸಲಿಲ್ಲ, ಅದೇ ನನ್ನ ಪಾಪ. ಹೇಳುವುದಕ್ಕೆ ಮೊದಲೇ ನನ್ನ ಮನಸ್ಸಿನಲ್ಲಿ ಅದೇ ಇತ್ತು. ಹುಟ್ಟಿದಾಗಿನಿಂದ ಅಕ್ಕನ ಹೆಜ್ಜೆಗೆ ಸರಿಯಾಗಿ ನಡೆದಿದ್ದೆ. ಪೇಟೆಗೆ ಹೋದರೂ, ಗುಡಿಗೆ ಹೋದರೂ, ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತು ಕಾಯುವುದು ನನಗೆ ಅಭ್ಯಾಸ. ಒಮ್ಮೆ, ಒಂದೇ ಒಂದು ಸಲ, ಯಾರಿಗೂ ಕಾಯದೆ ನಡೆಯಬೇಕು ಅನ್ನಿಸಿತು. ಹಾಗೆಂದು ಅಕ್ಕನಿಗೆ ಹೇಳಲಾಗುತ್ತದೆಯೇ? ಹೇಳಿದರೆ ಅವಳು "ಹೋಗಿ ಬಾರೇ" ಎಂದು ನಗುತ್ತಿದ್ದಳು. ಆ ನಗುವನ್ನು ನೋಡಿಕೊಂಡು ಹೋಗುವ ಧೈರ್ಯ ನನಗಿರಲಿಲ್ಲ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, ಗೋಡೆಯ ಕಡೆ ನೋಡಿಕೊಂಡು, "ಹಾಸನದಲ್ಲಿ ಮೂರು ದಿನ ಟ್ರೈನಿಂಗ್ ಹಾಕಿದಾರೆ ಅಕ್ಕ" ಎಂದೆ.

"ರಜದಲ್ಲೂ ಬಿಡಲ್ವಾ?" ಎಂದು ಅವಳು ಸರ್ಕಾರವನ್ನು ಬೈದಳು. ಟ್ರೈನಿಂಗಿಗೆ ಹೋಗುವವಳು ಹಳೇ ರವಿಕೆ ಹಾಕಿಕೊಂಡು ಹೋಗಬಾರದೆಂದು ಒಂದೇ ದಿನದಲ್ಲಿ ಹೊಸದೊಂದು ಹೊಲಿದಳು. ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟಳು.

ಶ್ರವಣಬೆಳಗೊಳದ ಬೆಟ್ಟವನ್ನು ನಾನು ಓಡಿಕೊಂಡು ಹತ್ತಿದೆ. ನಡೆದು ಹತ್ತುವುದಕ್ಕೆ ಆಗಲಿಲ್ಲ. ಕಾಲು ತಾನಾಗಿಯೇ ಓಡಿತು. ಬರಿಗಾಲಿಗೆ ಬಂಡೆ ಚುರುಚುರು ಸುಡುತ್ತಿತ್ತು. ಹಿಂದಿನಿಂದ ನಾಗರತ್ನ, "ಏ ನಿಲ್ಲೇ, ನಾನು ಆಟದ ಟೀಚರ್ರೋ ನೀನೋ!" ಎಂದು ಕೂಗುತ್ತಿದ್ದಳು. ಮೇಲೆ ಹೋಗಿ ನಿಂತಾಗ ಗಾಳಿ ಸೆರಗನ್ನು ಕಿತ್ತುಕೊಂಡು ಹೋಗುವಂತೆ ಬೀಸಿತು. ಕೆಳಗೆ ಕೊಳ, ತೆಂಗಿನ ತೋಟ, ಇರುವೆಯ ಹಾಗೆ ಎತ್ತಿನ ಗಾಡಿ. ಇಷ್ಟು ದಿನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ಬಯಲುಸೀಮೆ ಅಲ್ಲಿ ಕಾಲ ಕೆಳಗೆ ಹಾಸಿಕೊಂಡು ಮಲಗಿತ್ತು. ನನಗೆ ಅಳು ಬಂತು. ಎಷ್ಟು ಸಂತೋಷವಾಗಿತ್ತೆಂದರೆ ಅಕ್ಕನ ನೆನಪೇ ಬರಲಿಲ್ಲ. ಹಳೇಬೀಡಿನಲ್ಲಿ ಆನೆಗಳ ಸಾಲನ್ನು ಕೈಯಿಂದ ಮುಟ್ಟಿಕೊಂಡು ಗುಡಿ ಸುತ್ತುವಾಗಲೂ ಬರಲಿಲ್ಲ. ನೆನಪಾದದ್ದು ವಾಪಸ್ ಬರುವಾಗ, ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ, ಏನು ಸುಳ್ಳು ಹೇಳಿದ್ದೆ ಎಂದು ಜ್ಞಾಪಿಸಿಕೊಳ್ಳುವಾಗ.

ಮಾರನೆಯ ಬೆಳಿಗ್ಗೆ ಕಾಲು ನೀಡಿಕೊಂಡು ಕೂತಿದ್ದೆ. ಅಕ್ಕ ನನ್ನ ಅಂಗಾಲು ನೋಡಿದಳು. ಎರಡೂ ಪಾದಕ್ಕೆ ಬೊಬ್ಬೆ ಬಂದಿತ್ತು.

"ಏನೇ ಇದು?"

"ಹೊಸ ಚಪ್ಪಲಿ ಕಚ್ತು."

ಅವಳು ಮಂಡಿ ಒತ್ತಿಕೊಂಡು ಎದ್ದು ಒಳಗೆ ಹೋದಳು. ಹರಳೆಣ್ಣೆ ತಂದು ನನ್ನ ಎರಡೂ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕಿದಳು. ಚಪ್ಪಲಿ ಅಂಗಾಲನ್ನು ಕಚ್ಚುವುದಿಲ್ಲ ಎಂದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ಒಂದು ಸಲ ರುಚಿ ಹತ್ತಿದ ಮೇಲೆ ಸುಮ್ಮನಿರುವುದು ಕಷ್ಟ. ಡಿಸೆಂಬರಿನಲ್ಲಿ "ಬೆಂಗಳೂರಲ್ಲಿ ಟ್ರೈನಿಂಗ್" ಎಂದು ಹೇಳಿ ಮೈಸೂರಿಗೆ ಹೋದೆವು. ಅರಮನೆ ನೋಡಿದೆ, ಚಾಮುಂಡಿ ಬೆಟ್ಟ ಹತ್ತಿದೆ. ಆದರೆ ಮನಸ್ಸಿನಲ್ಲಿ ಉಳಿದದ್ದು ಅದಲ್ಲ. ಎರಡನೆಯ ದಿನ ಮಾರ್ಕೆಟ್ಟಿನಲ್ಲಿ ನಾಗರತ್ನ ಬಳೆ ಅಂಗಡಿಯಲ್ಲಿ ಚೌಕಾಸಿಗೆ ನಿಂತಾಗ ನಾನು ಹಾಗೇ ಮುಂದೆ ನಡೆದುಬಿಟ್ಟೆ. ಮಲ್ಲಿಗೆಯ ರಾಶಿ, ವೀಳ್ಯದೆಲೆಯ ಕಟ್ಟು, ಕುಂಕುಮದ ಗೋಪುರ ಎಲ್ಲ ದಾಟಿ ಹೊರಗೆ ಬಂದರೆ ಯಾವ ಬೀದಿ ಎಂದೇ ತಿಳಿಯದು. ಮರಗಳಿದ್ದ ಒಂದು ರಸ್ತೆ ಹಿಡಿದು ನಡೆದೆ. ನನ್ನ ಹೆಸರು ಗೊತ್ತಿರುವವರು ಆ ಊರಿನಲ್ಲಿ ಒಬ್ಬರೂ ಇಲ್ಲ. ಎಡಕ್ಕೆ ತಿರುಗಿದರೂ ಆಯಿತು, ಬಲಕ್ಕೆ ತಿರುಗಿದರೂ ಆಯಿತು. ಒಂದು ಮನೆಯ ಕಾಂಪೌಂಡಿನಿಂದ ಸಂಪಿಗೆ ಉದುರಿತ್ತು, ಬಗ್ಗಿ ಆರಿಸಿಕೊಂಡೆ. ಗಂಟೆ ಹೊತ್ತು ದಾರಿ ತಪ್ಪಿ ತಿರುಗಿದೆ. ಹೊಸ ಊರಿನಲ್ಲಿ ದಾರಿ ತಪ್ಪುವುದರಲ್ಲಿ ಅಂಥ ಸುಖವಿದೆ ಎಂದು ಅದುವರೆಗೆ ನನಗೆ ಗೊತ್ತಿರಲಿಲ್ಲ. ಆ ಸಂಪಿಗೆಯನ್ನು ಮನೆಗೆ ತರಲಿಲ್ಲ. ತಂದರೆ ಎಲ್ಲಿಯದು ಎಂದು ಹೇಳಬೇಕಾಗುತ್ತಿತ್ತು. ಬಸ್ಸಿನಲ್ಲೇ ಬಿಟ್ಟು ಇಳಿದೆ.

ಮೂರನೆಯದು ಸಮುದ್ರ. ಜನವರಿಯ ಕೊನೆ. ನಾಲ್ಕು ದಿನಕ್ಕೆ ಮಂಗಳೂರು, ಉಡುಪಿ, ಮಲ್ಪೆ. ಈ ಸಲ ಟ್ರೈನಿಂಗನ್ನು ಮೈಸೂರಿನಲ್ಲಿ ಇಟ್ಟೆ. ಸುಳ್ಳು ಹೇಳುವುದು ಅಷ್ಟು ಹೊತ್ತಿಗೆ ಅಭ್ಯಾಸವಾಗಿತ್ತು. ಗೋಡೆ ನೋಡುವ ಅಗತ್ಯವೂ ಇರಲಿಲ್ಲ. ಅಕ್ಕ ಎಂದಿನಂತೆ ರವಿಕೆ ಇಸ್ತ್ರಿ ಮಾಡಿದಳು, ಪುಳಿಯೋಗರೆ ಕಟ್ಟಿದಳು.

ಕುಣಿಗಲ್‌ನಲ್ಲಿ ನಾಗರತ್ನನ ಮನೆಯಲ್ಲಿ ಉಳಿದು, ಬೆಳಿಗ್ಗೆ ಮಂಗಳೂರಿನ ಬಸ್ಸು ಹತ್ತಿದೆವು. ಬಸ್ಸು ಯಡಿಯೂರಿನಲ್ಲಿ ನಿಂತಿತು. ಕಿಟಕಿಯಿಂದ ನೋಡುತ್ತೇನೆ, ರಸ್ತೆಯ ಆ ಬದಿಯಲ್ಲಿ ನಮ್ಮ ವಠಾರದ ಗೌರಮ್ಮ ಬಾಳೆಹಣ್ಣು ಕೊಳ್ಳುತ್ತಿದ್ದಾರೆ. ಅವರ ತವರು ಅಲ್ಲೇ ಹತ್ತಿರದ ಹಳ್ಳಿ. ನಾನು ಸೆರಗನ್ನು ತಲೆಯ ಮೇಲೆಳೆದುಕೊಂಡು ನಾಗರತ್ನನ ಭುಜದ ಹಿಂದೆ ಮುಖ ಮುಚ್ಚಿಕೊಂಡೆ. ಬಸ್ಸು ಹೊರಟಿತು. ನೋಡಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಶಿರಾಡಿ ಘಾಟಿಯಲ್ಲಿ ಬಸ್ಸು ತಿರುಗಿ ತಿರುಗಿ ಇಳಿಯುವಾಗ ಹೊಟ್ಟೆ ತೊಳಸಿತು. ಚೀಲಕ್ಕೆ ಕೈ ಹಾಕಿದರೆ ಬುತ್ತಿಯ ಪಕ್ಕ ಮೂರು ನಿಂಬೆಹಣ್ಣು. ಅಕ್ಕ ಇಟ್ಟಿದ್ದಳು. ಸಿಪ್ಪೆ ಗೀರಿ ಮೂಸಿದೆ, ಸುಧಾರಿಸಿತು. ಕಿಟಕಿಯಾಚೆ ಆ ಹಸಿರು, ಬಂಡೆಯಿಂದ ಜಿನುಗುವ ನೀರು, ಎಲ್ಲೋ ಕೆಳಗೆ ಹೊಳೆ ನೋಡುತ್ತ ಮೈಮರೆತೆ. ಮೈಸೂರಿನ ರಸ್ತೆಯಲ್ಲಿ ಯಾವ ಘಾಟಿಯೂ ಇಲ್ಲವಲ್ಲ, ಅಕ್ಕ ನಿಂಬೆಹಣ್ಣು ಯಾಕೆ ಇಟ್ಟಳು ಎಂದು ಕೇಳಿಕೊಳ್ಳುವಷ್ಟು ಬುದ್ಧಿ ನನಗಿರಲಿಲ್ಲ.

ಮಲ್ಪೆಯಲ್ಲಿ ಒಂದು ಸಂಜೆ, ಮಾರನೆಯ ಬೆಳಿಗ್ಗೆ. ಮೊದಲ ಸಲ ನೋಡಿದಾಗ ಇದು ನೀರು ಅನ್ನಿಸಲೇ ಇಲ್ಲ. ಯಾರೋ ಆಕಾಶದ ಒಂದು ಅಂಚನ್ನು ಹಿಡಿದು ಅಲುಗಾಡಿಸುತ್ತಿದ್ದಾರೆ ಅನ್ನಿಸಿತು. ಬೆಳಿಗ್ಗೆ ಮೊಣಕಾಲುದ್ದ ನೀರಿನಲ್ಲಿ ನಿಂತೆ. ಅಲೆ ವಾಪಸ್ ಹೋಗುವಾಗ ಕಾಲ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತದೆ, ನಿಂತಲ್ಲೇ ನೆಲ ಜಾರುತ್ತದೆ. ನಾನು, ನಾಗರತ್ನ ಕೈ ಕೈ ಹಿಡಿದುಕೊಂಡು ಮಕ್ಕಳ ಹಾಗೆ ಕಿರುಚಿದೆವು. ಆಮೇಲೆ ದಡದಲ್ಲಿ ಕೂತು ಬಣ್ಣ ನೋಡಿದೆ. ಹತ್ತಿರದಲ್ಲಿ ಹಾಲು ಕಮ್ಮಿ ಹಾಕಿದ ಟೀ ಬಣ್ಣ, ಸ್ವಲ್ಪ ಆಚೆ ಬಾಳೆಯ ಸುಳಿಯ ಹಸಿರು, ತೀರಾ ಆಚೆ ಸ್ಲೇಟಿನ ಬಣ್ಣ. ಅಕ್ಕ ಹಾಕಿದ ನೀಲಿ ಎಲ್ಲಿಯೂ ಇರಲಿಲ್ಲ. ಅವಳು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಅವಳಿಗೆ ಹೇಳುವ ದಾರಿ ಇರಲಿಲ್ಲ. ಆ ವರ್ಷದಲ್ಲಿ ಮೊದಲ ಸಲ ನನ್ನ ಸಂತೋಷದೊಳಗೆ ಮುಳ್ಳು ಆಡಿದ್ದು ಆಗ. ಆದರೂ ಎದ್ದು ಮತ್ತೆ ನೀರಿಗೆ ಹೋದೆ.

ನಾಲ್ಕನೆಯ ದಿನ ಸಂಜೆ ವಠಾರದ ಬಾಗಿಲು ದಾಟುತ್ತಿದ್ದಂತೆ ಗೌರಮ್ಮ ಎದುರಿಗೆ ಬಂದರು. ಕೈಯಲ್ಲಿ ಒಂದು ಚೊಂಬು ಗಂಜಿ.

"ಬಂದ್ಯೇನವ್ವಾ? ಮಂಗ್ಳೂರ್ ಟ್ರೈನಿಂಗು ಮುಗೀತಾ?"

ನಾನು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.

"ಯಡಿಯೂರ್ ತಾವ ಮಂಗ್ಳೂರ್ ಬಸ್ಸಲ್ಲಿ ನೋಡ್ದೆ ನಿನ್ನ. ಕೂಗೋ ಅಷ್ಟೊತ್ಗೆ ಹೊಂಟೋಯ್ತು. ಬಂದು ನಿಮ್ಮಕ್ಕುಂಗೆ ಹೇಳುದ್ರೆ, ಹೂಂ ಗೌರಮ್ಮ, ಮೈಸೂರಲ್ಲಿ ಇದ್ದಿದ್ದ ಮಂಗ್ಳೂರ್ಗೆ ಬದ್ಲಾಯಿಸವ್ರೆ ಅಂದ್ಲು." ಗೌರಮ್ಮ ದನಿ ತಗ್ಗಿಸಿದರು. "ನೀನಿಲ್ದಾಗ ಹಿಂಗಾಗೋಯ್ತು ನೋಡವ್ವ. ಹೆದ್ರುಬ್ಯಾಡ, ಜೀವುಕ್ಕೇನಿಲ್ಲ."

ಒಳಗೆ ಅಕ್ಕ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದಳು. ಬಲಗೈ ಮೊಣಕೈವರೆಗೂ ಬಿಳೀ ಪ್ಲಾಸ್ಟರು. ಹಿಂದಿನ ದಿನ ಬೆಳಿಗ್ಗೆ ನಲ್ಲಿಯಿಂದ ನೀರು ತರುವಾಗ ಒಗೆಯುವ ಕಲ್ಲಿನ ಪಾಚಿಯ ಮೇಲೆ ಕಾಲು ಜಾರಿ ಬಿದ್ದಿದ್ದಳು. ನೀರು ತರುವುದು ದಿನವೂ ನನ್ನ ಕೆಲಸ. ನಾನಿಲ್ಲದಾಗ ವಠಾರದ ಯಾರನ್ನಾದರೂ ಕೇಳಬಹುದಿತ್ತು. ಅಕ್ಕ ಯಾರನ್ನೂ ಕೇಳುವವಳಲ್ಲ. ಮಣಿಕಟ್ಟು ಮುರಿದಿತ್ತು. ಮಿಷನ್ನು ತಿರುಗಿಸುವ ಕೈ.

ಅವಳು ಬಿದ್ದದ್ದು ಎಷ್ಟು ಹೊತ್ತಿಗೆ ಎಂದು ನಾನು ಆಮೇಲೆ ಗೌರಮ್ಮನನ್ನು ಕೇಳಿದೆ. ಕೇಳಬಾರದಿತ್ತು. ನಾನು ನೀರಿನಲ್ಲಿ ನಿಂತು ಕಿರುಚುತ್ತಿದ್ದ ಹೊತ್ತು ಅದು.

"ಆಸ್ಪತ್ರೆಯಿಂದ್ಲೇ ನಿಂಗೆ ಟೆಲಿಗ್ರಾಂ ಕೊಡಣ, ಅಡ್ರೆಸ್ ಕೊಡು ಅಂದೆ," ಎಂದರು ನನ್ನ ಹಿಂದೆಯೇ ಒಳಗೆ ಬಂದಿದ್ದ ಗೌರಮ್ಮ. "ಟ್ರೈನಿಂಗ್ ಕೆಡ್ತದೆ, ಬ್ಯಾಡ ಬುಡು ಅಂದ್ಬುಟ್ಲು ನಿಮ್ಮಕ್ಕ."

ಅವರು ಹೋದ ಮೇಲೆ ನಾನು ಅಕ್ಕನ ಎದುರಿಗೆ ಕೂತೆ. ನನ್ನ ಸೀರೆಯ ಅಂಚಿನಿಂದ ನೆಲದ ಮೇಲೆ ಸ್ವಲ್ಪ ಮರಳು ಉದುರಿತು. ಇಬ್ಬರೂ ಅದನ್ನೇ ನೋಡಿದೆವು.

"ಯಾವಾಗಿಂದ ಗೊತ್ತು ಅಕ್ಕ?"

"ಮೊದಲ್ನೇ ಸಲಾನೇ. ಅಂಗಾಲು ನೋಡ್ದೆನಲ್ಲ. ಟ್ರೈನಿಂಗಲ್ಲಿ ಬರಿಗಾಲಲ್ಲಿ ಬಂಡೆ ಮೇಲೆ ನಿಲ್ಲಿಸ್ತಾರಾ?" ಅವಳ ದನಿಯಲ್ಲಿ ಕೋಪವಿರಲಿಲ್ಲ. "ಈ ಸಲ ನಿನ್ ಅಟ್ಲಾಸ್ ತೆಗ್ದು ನೋಡ್ದೆ. ಮಂಗಳೂರ್ ಮೇಲೆ ನಿನ್ ಬೆರಳಿನ ಎಣ್ಣೆ ಕಲೆ ಇತ್ತು. ಘಾಟಿ ಇದೆ ಅಂತ ಗೊತ್ತಿತ್ತು. ನಿಂಬೆಹಣ್ಣು ಇಟ್ಟೆ."

ನಾನು ಅಳುವುದಕ್ಕೆ ಶುರುಮಾಡಿದೆ. "ನಿನ್ನ ಬಿಟ್ಟು ಹೋಗ್ಬಾರ್ದಾಗಿತ್ತು ಅಕ್ಕ."

"ಯಾಕೆ ಹೋಗ್ಬಾರ್ದು? ಹೋಗೋ ವಯಸ್ಸು ನಿಂದು. ನೀನು ಹೋಗಿದ್ದಕ್ಕೆ ನಂಗೇನೂ ಇಲ್ಲ ಕಣೇ." ಅವಳು ಪ್ಲಾಸ್ಟರ್ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು. "ಬಂದ್ಮೇಲೆ ಹೇಳ್ಬೋದಿತ್ತಲ್ಲ ಸುಮೀ. ಪ್ರತಿ ಸಲಾನೂ ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕಾಯ್ತಿದ್ದೆ. ಕಾಲು ಸರಿಯಿಲ್ಲ ಅಂತ ಕಿವೀನೂ ಇಲ್ವಾ ನಂಗೆ?"

ಇಷ್ಟು ವರ್ಷದಲ್ಲಿ ಎಷ್ಟೋ ಜನ ಎಷ್ಟೋ ಮಾತು ಆಡಿದ್ದಾರೆ. ಈ ಮಾತಿನಷ್ಟು ಯಾವುದೂ ನನ್ನನ್ನು ಸುಟ್ಟಿಲ್ಲ. ಸುಳ್ಳು ಹೇಳಿ ಅವಳನ್ನು ನೋವಿನಿಂದ ಉಳಿಸುತ್ತಿದ್ದೇನೆ ಎಂದು ತಿಳಿದಿದ್ದೆ. ಅವಳಿಗೆ ಸಿಗಬಹುದಾಗಿದ್ದ ಒಂದೇ ಒಂದು ಪಾಲನ್ನೂ ನಾನೇ ಮುಚ್ಚಿಟ್ಟುಕೊಂಡಿದ್ದೆ. ಆಗಲೇ ಎಲ್ಲ ಹೇಳಿಬಿಡುತ್ತೇನೆಂದು ಹೊರಟೆ. "ಅಕ್ಕ, ಸಮುದ್ರ ಇದೆಯಲ್ಲ" ಎಂದೆ.

"ಈಗ ಬೇಡ ಬಿಡು," ಎಂದಳು. "ಅನ್ನಕ್ಕಿಡು, ಹಸಿವಾಗ್ತಿದೆ."

ಆಮೇಲಿನ ಎರಡು ತಿಂಗಳು ನಾನು ಶಾಲೆ, ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಶಾಲೆಯಲ್ಲಿ ಕಸೂತಿಯ ಮ್ಯಾಪಿನ ಮುಂದೆ ನಿಂತು ಪಾಠ ಮಾಡುವಾಗ ಸಮುದ್ರದ ಕಡೆ ಕೋಲು ತೋರಿಸುವುದನ್ನು ಆದಷ್ಟು ತಪ್ಪಿಸುತ್ತಿದ್ದೆ. ನಾಗರತ್ನ ಊಟಿಯ ಮಾತೆತ್ತಿದಳು. ಬರುವುದಿಲ್ಲ ಎಂದೆ. "ನಿಮ್ಮಕ್ಕ ಬಿದ್ದಿದ್ದಕ್ಕೂ ನೀನು ಹೋಗಿದ್ದಕ್ಕೂ ಏನೇ ಸಂಬಂಧ?" ಎಂದಳು. ಅವಳ ಮೇಲೆ ಸಿಟ್ಟು ಬಂತು. ಸಿಟ್ಟಿಗೆ ಅವಳು ಕಾರಣವಲ್ಲ ಎಂದೂ ಗೊತ್ತಿತ್ತು.

ಸಂಜೆ ಬಂದು ಕೈಕಾಲು ತೊಳೆದು ಮಿಷನ್ನಿನ ಹತ್ತಿರ ಕೂರುತ್ತಿದ್ದೆ. ಒಪ್ಪಿಕೊಂಡ ರವಿಕೆಗಳು ಹಾಗೇ ಉಳಿದಿದ್ದವು. ಅಕ್ಕ ಎಡಗೈಯಿಂದ ಬಟ್ಟೆ ಸರಿಸುವಳು, ನಾನು ಚಕ್ರ ತಿರುಗಿಸುವೆ. "ತಿರುಗ್ಸು", "ನಿಲ್ಸು", "ಮೆಲ್ಲಗೆ". ದಿನವೂ ಎರಡು ಗಂಟೆ ನಮ್ಮಿಬ್ಬರ ನಡುವೆ ಈ ಮೂರೇ ಮಾತು. ಅವಳು ಮಾತು ಬಿಟ್ಟಿದ್ದಳು ಎಂದಲ್ಲ. ಊಟ, ನೀರು, ರೈಲು ಲೇಟು, ಬೇಳೆಯಲ್ಲಿ ಕಲ್ಲು, ಎಲ್ಲ ಮಾತಾಡುತ್ತಿದ್ದಳು. ನಾನು ಊರುಗಳ ಸುದ್ದಿ ಎತ್ತಿದರೆ ಮಾತ್ರ ಮೆಲ್ಲಗೆ ಬೇರೆ ಕಡೆಗೆ ತಿರುಗಿಸುತ್ತಿದ್ದಳು. ಅವಳ ಕುತೂಹಲ ಸತ್ತಿರಲಿಲ್ಲ. ಒಂದು ದಿನ ನಾನು ಬೇಗ ಬಂದಾಗ ಅಟ್ಲಾಸ್ ತೆರೆದುಕೊಂಡು ಕೂತಿದ್ದಳು. ನನ್ನನ್ನು ಕಂಡು ಮುಚ್ಚಿಟ್ಟಳು. ನನ್ನ ಮುಂದೆ ಅದನ್ನು ಮುಚ್ಚುವ ಹಾಗೆ ಮಾಡಿದವಳು ನಾನೇ.

ಮಾರ್ಚ್ ಕೊನೆಗೆ ಪ್ಲಾಸ್ಟರ್ ಬಿಚ್ಚಿದರು. ಕೈ ಸ್ವಲ್ಪ ಸೊಟ್ಟ ಕೂಡಿಕೊಂಡಿತ್ತು, ಆದರೆ ಚಕ್ರ ತಿರುಗಿಸಲು ಬಂತು. ಬೇಸಿಗೆ ರಜ ಶುರುವಾದ ದಿನ ಧೈರ್ಯ ಮಾಡಿ ಹೇಳಿದೆ.

"ಅಕ್ಕ, ಮೇ ತಿಂಗಳಲ್ಲಿ ನಾವಿಬ್ರೂ ಹೋಗೋಣ. ಎಲ್ಲಿಗೆ ಬೇಕೋ ಹೇಳು, ಕರ್ಕೊಂಡು ಹೋಗ್ತೀನಿ."

"ನೀನು ನನ್ನ ಕರ್ಕೊಂಡು ಹೋದ್ರೆ ದಾರಿಯುದ್ದಕ್ಕೂ ನನ್ನೇ ನೋಡ್ತೀಯ, ಊರು ನೋಡಲ್ಲ," ಎಂದಳು. ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ದಾರ ತುಂಡು ಮಾಡಿದಳು. "ನಾನಾಗ್ಲೇ ಹೇಳ್ಬಿಟ್ಟಿದೀನಿ. ಗೌರಮ್ಮನ ಅತ್ತೆ, ಇನ್ನೂ ಏಳೆಂಟು ಜನ ಹೋಗ್ತಿದಾರೆ. ಮಧುರೈ, ರಾಮೇಶ್ವರ, ಕನ್ಯಾಕುಮಾರಿ. ಎಂಟು ದಿನ. ಶಿರಾ ಗೇಟಿಂದ ಬಸ್ಸು."

"ನಾನೂ ಬರ್ತೀನಿ."

"ಬೇಡ ಕಣೇ. ನಿನ್ನ ಬಿಟ್ಟು ನಾನೂ ಒಂದ್ಸಲ ಹೋಗಿ ನೋಡ್ಬೇಕು."

ಇದನ್ನು ಅವಳು ನನ್ನನ್ನು ಚುಚ್ಚುವುದಕ್ಕೆ ಹೇಳಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮುಖದಲ್ಲಿ ನಗುವಿತ್ತು.

ಹೊರಡುವ ಬೆಳಿಗ್ಗೆ ಅವಳ ಚೀಲ ಹಿಡಿದುಕೊಂಡು ಶಿರಾ ಗೇಟಿಗೆ ಹೋದೆ. ಬಸ್ಸಿನ ಮೆಟ್ಟಿಲು ಎತ್ತರ. ಅವಳ ತೋಳು ಹಿಡಿಯಲು ಹೋದೆ. "ಬಿಡು" ಎಂದಳು. ಹಿಂದೆ ತಿರುಗಿ ಮೆಟ್ಟಿಲಿನ ಮೇಲೆ ಕೂತು, ಎರಡೂ ಕೈಯಿಂದ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ತನ್ನನ್ನು ತಾನೇ ಮೇಲಕ್ಕೆತ್ತಿಕೊಂಡಳು. ಹಿಂದಿನವರು ಕಾದರು. ಯಾರೂ ಅವಸರ ಮಾಡಲಿಲ್ಲ. ಕಾಯುವುದು ಅಷ್ಟು ಸುಲಭವಿತ್ತು. ಕಿಟಕಿಯ ಪಕ್ಕ ಕೂತು, "ಬಾಗಿಲು ಭದ್ರ, ಹಾಲಿನವ್ಳಿಗೆ ಅರ್ಧ ಸೇರು ಸಾಕು ಅನ್ನು" ಎಂದು ಹೇಳಿದಳು. ಬಸ್ಸು ಹೋಯಿತು.

ಎಂಟು ದಿನ ನಾನು ಮನೆಯಲ್ಲಿ ಒಬ್ಬಳೇ ಇದ್ದೆ. ಈಗೆಲ್ಲಿರಬಹುದು, ಮೆಟ್ಟಿಲು ಹತ್ತಿದಳೋ ಇಲ್ಲವೋ, ಯಾರಾದರೂ ನಿಂತು ಕಾದರೋ ಇಲ್ಲವೋ. ಅಟ್ಲಾಸ್ ತೆಗೆದು ಮಧುರೈ ಮೇಲೆ ಬೆರಳಿಟ್ಟೆ, ರಾಮೇಶ್ವರದ ಮೇಲೆ ಇಟ್ಟೆ. ಆ ವರ್ಷ ಮೂರು ಸಲ ಅವಳೂ ಹೀಗೇ ಕೂತಿದ್ದಳು. ಅವಳು ಎಲ್ಲಿಗೆ ಹೋಗಿದ್ದಾಳೆಂದು ನನಗಾದರೂ ಗೊತ್ತಿತ್ತು.

ಅವಳು ವಾಪಸ್ ಬಂದಾಗ ಗುರುತೇ ಸಿಗದಷ್ಟು ಕಪ್ಪಾಗಿದ್ದಳು. ಗಂಟಲು ಕಟ್ಟಿತ್ತು, ಎಡಗಾಲು ಊದಿತ್ತು, ಕಣ್ಣು ಮಾತ್ರ ಫಳಫಳ. ಬಿಸಿನೀರು ಕಾಯಿಸಿ ಕಾಲಿಗೆ ಹಾಕಿದೆ. "ಹೇಗಿತ್ತಕ್ಕ?" ಎಂದೆ.

"ಚೆನ್ನಾಗಿತ್ತು."

"ಸಮುದ್ರ?"

"ಚೆನ್ನಾಗಿತ್ತು ಕಣೇ. ಸುಸ್ತಾಗಿದೆ, ಮಲಗ್ತೀನಿ."

ಮಾರನೆಯ ದಿನವೂ ಅಷ್ಟೇ. ಅದರ ಮಾರನೆಯ ದಿನವೂ. ನಾನು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡುವ ಹಕ್ಕು ನನಗೆಲ್ಲಿತ್ತು?

ಮುಂದೆ ನಾನು ಎಷ್ಟೋ ಊರು ನೋಡಿದೆ. ಹೇಳಿಯೇ ಹೋದೆ, ಬಂದು ಎಲ್ಲವನ್ನೂ ಹೇಳಿದೆ, ಅಕ್ಕ ಬಾಯಿ ತೆರೆದುಕೊಂಡು ಕೇಳಿದಳು. ಅವಳೂ ವರ್ಷಕ್ಕೊಮ್ಮೆ ಅಂಥದೇ ಬಸ್ಸುಗಳಲ್ಲಿ ಹೋಗಿಬರುತ್ತಿದ್ದಳು. ಇಬ್ಬರೂ ಜೊತೆಯಾಗಿ ಹೋದದ್ದೂ ಇದೆ. ಆದರೆ ಮೊದಲ ಸಲ ಬೆಟ್ಟದ ಮೇಲೆ ನಿಂತದ್ದು, ಮೊದಲ ಸಲ ಸಮುದ್ರ ಕಂಡದ್ದು, ಇವನ್ನು ನಾವು ಒಬ್ಬರಿಗೊಬ್ಬರು ಎದುರುಬದುರು ಕೂತು ಹೇಳಿಕೊಳ್ಳಲೇ ಇಲ್ಲ. ಆ ಬಾಗಿಲು ನಾನೇ ಹಾಕಿದ್ದು.

ಆ ಮೇ ತಿಂಗಳಲ್ಲಿ ಅವಳು ವಾಪಸ್ ಬಂದ ನಾಲ್ಕನೆಯದೋ ಐದನೆಯದೋ ದಿನ. ಶಾಲೆ ತೆರೆಯಲು ಇನ್ನೂ ಒಂದು ವಾರವಿತ್ತು. ಹಿಂದಿನ ಬೀದಿಯ ಕಮಲ ಎಂಬ ಹುಡುಗಿ ರವಿಕೆಯ ಅಳತೆ ಕೊಡಲು ಬಂದಿದ್ದಳು. ನಾನು ಅಡಿಗೆಮನೆಯಲ್ಲಿ ಪಂಪ್ ಸ್ಟವ್ ಹಚ್ಚಿ ಅನ್ನಕ್ಕಿಟ್ಟಿದ್ದೆ. ನಡುವೆ ಒಂದು ಗೋಡೆ. ಅಕ್ಕನ ಮಾತು ಸ್ಟವ್ವಿನ ಸದ್ದಿನೊಳಗೆ ತುಂಡು ತುಂಡಾಗಿ ಕೇಳುತ್ತಿತ್ತು.

"ರಾಮೇಶ್ವರದ ಗುಡೀಲಿ ಕಂಬದ ಸಾಲಿದೆ ಕಣೇ ಕಮಲಾ, ಕಣ್ಣು ಹಾಯೋ ತನಕ. ಎಲ್ರೂ ಮುಂದೆ ಹೋದ್ರು. ನಾನು ನನ್ನ ಪಾಡಿಗೆ ನಡೀತಾ ನಡೀತಾ ಎಲ್ಲೋ ತಿರುಗ್ಬಿಟ್ಟೆ. ಯಾವ ಕಡೆ ಬಾಗ್ಲು, ಯಾವ ಕಡೆ ಬಸ್ಸು ಒಂದೂ ಗೊತ್ತಿಲ್ಲ. ಆ ಊರಲ್ಲಿ ಜಯಮ್ಮ ಅಂದ್ರೆ ಯಾರು ಅಂತ ಒಬ್ರಿಗೂ ಗೊತ್ತಿಲ್ಲ. ಕಳ್ದೋಗಿದ್ದೆ. ಎಷ್ಟು ಚೆನ್ನಾಗಿತ್ತು ಗೊತ್ತಾ ಕಳ್ದೋಗೋದು!"

ಸ್ಟವ್ವಿಗೆ ಗಾಳಿ ಹೊಡೆಯುತ್ತಿದ್ದ ನನ್ನ ಕೈ ನಿಂತಿತು. ಮೈಸೂರಿನ ಆ ಮರಗಳ ರಸ್ತೆ ಕಣ್ಣ ಮುಂದೆ ಬಂತು. ನಾವಿಬ್ಬರೂ ಬೇರೆ ಬೇರೆ ಊರುಗಳಲ್ಲಿ ಒಂದೇ ಸಂತೋಷವನ್ನು ಕಂಡಿದ್ದೆವು. ಎದ್ದು ಹೋಗಿ, "ನಂಗೂ ಹಾಗೇ ಆಯ್ತು ಅಕ್ಕ" ಎಂದು ಅವಳ ಎದುರಿಗೆ ಕೂರಬೇಕು ಅನ್ನಿಸಿತು. ಬಾಗಿಲವರೆಗೆ ಹೋದೆ. ಅಲ್ಲಿಂದಾಚೆಗೆ ಕಾಲು ಬರಲಿಲ್ಲ. ನನ್ನ ನೆರಳು ಹೊಸಿಲ ಮೇಲೆ ಬಿದ್ದಿತ್ತೋ, ಬಳೆ ಸದ್ದಾಯಿತೋ, ಅಕ್ಕ ಒಂದು ಕ್ಷಣ ನಿಲ್ಲಿಸಿದಳು. ನಾನು ಹಿಂದಕ್ಕೆ ಸರಿದೆ.

ಮತ್ತೆ ಶುರುಮಾಡಿದಾಗ ಅವಳ ದನಿ ಮೊದಲಿಗಿಂತ ಏರಿತ್ತು.

"ಕನ್ಯಾಕುಮಾರೀಲಿ ಇಬ್ರು ಮೀನುಗಾರ್ತೀರು ನನ್ನ ಕಾಲು ನೋಡಿ ಏನೂ ಕೇಳ್ಲಿಲ್ಲ. ಕೈ ಹಿಡ್ದು ನೀರಿನ ಅಂಚಲ್ಲಿ ಕೂರಿಸಿದ್ರು. ಒಬ್ಳು ಬೆನ್ನಿಗೆ ಬೆನ್ನು ಕೊಟ್ಟು ಕೂತ್ಲು, ನಾನು ಬೀಳ್ಬಾರ್ದು ಅಂತ. ಅಲೆ ಬಂದು ಮಡಿಲಿಗೇ ಕೂತ್ಕೋತು ಕಣೇ, ಮಗು ಹಂಗೆ! ಸೀರೆ ತುಂಬಾ ಮರಳು. ನಕ್ಕೂ ನಕ್ಕೂ ಸಾಕಾಯ್ತು."

"ಯಾಕ್ ಜಯಕ್ಕ ಹಿಂಗ್ ಕೂಗ್ತೀರ?" ಎಂದಳು ಕಮಲ. "ನಾನಿಲ್ಲೇ ಎದುರಿಗೇ ನಿಂತಿದೀನಲ್ಲ."

ಅಕ್ಕ ಅಳತೆಯ ಟೇಪು ಬಿಚ್ಚಿದಳು. "ಕೈ ಎತ್ತು, ತೋಳಿನ ಅಳತೆ ತಗೋಬೇಕು" ಎಂದಳು. ಆಮೇಲೆ ಅದೇ ಎತ್ತರದ ದನಿಯಲ್ಲಿ, "ಇನ್ನು ಮಧುರೈ ಕಥೆ ಕೇಳು" ಎಂದು ಮುಂದುವರಿಸಿದಳು.

ಅನ್ನ ಇನ್ನೂ ಅರ್ಧ ಬೆಂದಿತ್ತು. ನಾನು ಸ್ಟವ್ ಆರಿಸಿ, ಗೋಡೆಗೆ ಒರಗಿ ನಿಂತು ಕೇಳಿದೆ.